ಮಗ್ಗದಕ್ಕನ ರಿವಾಲ್ವರ್

ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ದುಡಿಯುವವರ ಮನೆಯಲ್ಲಿ ಗುಟ್ಟು ಉಳಿಯುವುದಿಲ್ಲ. ಎಲ್ಲವನ್ನೂ ಕೂಗಿಯೇ ಹೇಳಬೇಕು. ಮಗ್ಗದಕ್ಕನ ಗಂಡನಿಗಂತೂ ಆ ಗದ್ದಲದಲ್ಲಿ ಕಿವಿ ಪೂರ್ತಿ ಹೋಗಿತ್ತು. ಊಟಕ್ಕೆ ಕರೆಯಬೇಕೆಂದರೆ ಅವಳು ಶೆಡ್ಡಿನಲ್ಲಿ ಮಾಡುವ ಹಾಗೆಯೇ ಮಹಡಿಮನೆಯ ಹಲಗೆ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದಳು. ನೆಲದ ಅದುರು ಪಾದಕ್ಕೆ ತಟ್ಟಿದೊಡನೆ ಅವನು ಎರಡು ಸಲ ತಿರುಗಿ ಅಪ್ಪಳಿಸುತ್ತಿದ್ದ, ಬಂದೆ ಅಂತ. ಕೆಳಮನೆಯವರು ಗೊಣಗಿ ಗೊಣಗಿ ಸುಮ್ಮನಾಗಿದ್ದರು.

ಕಳ್ಳ ನುಗ್ಗಿದ್ದು ಹಾಡಹಗಲೇ. ರಾತ್ರಿ ಪಾಳಿ ಮುಗಿಸಿ ಗಂಡ ಮಲಗಿದ್ದ ಮಂಚದ ಪಕ್ಕದಲ್ಲೇ ಬೀರು ಮುರಿದಿದ್ದ; ಈ ಮಹಾನುಭಾವ ಮಗ್ಗುಲು ಕೂಡ ಬದಲಿಸಿರಲಿಲ್ಲ. ಕೆಲಸ ಮುಗಿಸಿ ಬಂದ ಅಕ್ಕನನ್ನು ಗೋಡೆಗೆ ನೂಕಿ ಕಳ್ಳ ಕಾಲ್ಕಿತ್ತ. ಅಂದಿನಿಂದ ಬಾಗಿಲು ಅಲುಗಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಈ ಮನುಷ್ಯನನ್ನು ಕಾಯುವವಳು ತಾನೊಬ್ಬಳೇ ಎಂದು ಕೋವಿಯ ಲೈಸೆನ್ಸಿಗಾಗಿ ಅಲೆದಳು. ಅಂಗಡಿಯವರು ತೋರಿಸಿದ ಜೋಡಿನಳಿಗೆ ಕೋವಿಯನ್ನು ಅವಳ ಕಿಷ್ಕಿಂಧೆಯಂಥ ಮನೆಯಲ್ಲಿ ತಿರುಗಿಸಲಿಕ್ಕೂ ಜಾಗವಿರಲಿಲ್ಲ. ಒಳಗೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೆ ಕಾಣಬೇಕೆಂದು ರಿವಾಲ್ವರ್ ಆರಿಸಿದಳು.

ಗುರಿ ಕಲಿಸಿದ ಮಾಜಿ ಸೈನಿಕರೊಬ್ಬರು ಪಾಠವನ್ನು ಅರೆದು ಕುಡಿಸಿದ್ದರು. ಬೀಗದ ಪೆಟ್ಟಿಗೆಯಲ್ಲಿಡಬೇಕು, ಬೀರುವಿನ ಮರೆಗೆ ನಿಲ್ಲಬೇಕು, ಯಾರೆಂದು ಕೂಗಿ ಕೇಳಬೇಕು, ಮುಖ ಕಾಣುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಅಕ್ಕ ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ಒಳಗೊಳಗೇ ತನ್ನದೊಂದು ಲೆಕ್ಕ ಹಾಕಿಕೊಂಡಿದ್ದಳು: ಕೂಗಿದರೆ ಓಗೊಡದವನು ಕಳ್ಳ.

ಒಂದು ಮುಸ್ಸಂಜೆ, ಗಂಡ ಪಾಳಿಗೆ ಹೋಗಿದ್ದಾಗ, ಮನೆಯ ದೀಪ ಆರಿತು. ತುಸು ಹೊತ್ತಿಗೆ ಹಿಂಬಾಗಿಲ ಬೀಗ ತಡಕಾಡುವ ಸದ್ದು. ತಂತಿ ಕತ್ತರಿಸಿಯೇ ಬಂದಿದ್ದಾನೆ ಎಂದುಕೊಂಡಳು. ಪೆಟ್ಟಿಗೆ ತೆರೆದು, ಗುಂಡು ತುಂಬಿ, ಬೀರುವಿನ ಮರೆಗೆ ನಿಂತಳು.

"ಯಾರದು?"

ಉತ್ತರವಿಲ್ಲ. ಬಾಗಿಲು ಕಿರ್ರೆಂದಿತು.

"ಯಾರು ಅಂತ ಹೇಳು. ನನ್ನ ಕೈಲಿ ಕೋವಿ ಇದೆ."

ಹೆಜ್ಜೆ ಅಡುಗೆಮನೆ ದಾಟಿತು. ಕತ್ತಲಲ್ಲಿ ಒಂದು ಆಕೃತಿ ಅವಳತ್ತಲೇ ಬರತೊಡಗಿತು. ಮುಖ ಕಾಣಲಿಲ್ಲ, ಬೆರಳು ಮಾತ್ರ ಟ್ರಿಗರ್ ಮೇಲೆ ಹೋಗಿಬಿಟ್ಟಿತ್ತು. ಮತ್ತೊಮ್ಮೆ ಕೂಗಿದಳು; ಹೆಜ್ಜೆ ನಿಲ್ಲಲಿಲ್ಲ. ಆಗ, ಶೆಡ್ಡಿನಲ್ಲಿ ಮಾತು ಸೋತಾಗಲೆಲ್ಲ ಮಾಡುತ್ತಿದ್ದುದನ್ನೇ ಅವಳ ಕಾಲು ಅವಳನ್ನು ಕೇಳದೆ ಮಾಡಿತು. ನೆಲಕ್ಕೆ ಅಪ್ಪಳಿಸಿತು.

ಆಕೃತಿ ನಿಂತಿತು. ಎರಡು ಸಲ ತಿರುಗಿ ಅಪ್ಪಳಿಸಿತು.

"ಶೆಡ್ಡಲ್ಲೂ ಕರೆಂಟ್ ಹೋಯ್ತು ಕಣೇ," ಎಂದ ಗಂಡ, ಎಂದಿನಂತೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ. "ಮಗ್ಗ ನಿಂತ್ವು, ಬಂದ್ಬಿಟ್ಟೆ. ಕತ್ಲಲ್ಲಿ ಏನ್ ಮಾಡ್ತಿದೀಯ?"

ಅಕ್ಕ ಟ್ರಿಗರಿನಿಂದ ಬೆರಳು ತೆಗೆದು ಅಲ್ಲೇ ನೆಲಕ್ಕೆ ಕೂತಳು. ಗುಂಡುಗಳನ್ನು ತೆಗೆಯುವಾಗ ಅವು ಬೆರಳಿಂದ ಜಾರಿ ಹಲಗೆಯ ಮೇಲೆ ಉರುಳಿದವು. ಅವನಿಗೆ ಅದೂ ಕೇಳಿಸಲಿಲ್ಲ. ತಡವರಿಸುತ್ತ ಬಂದು ಅವಳ ಹಣೆ ಮುಟ್ಟಿ, ಜ್ವರವೇನೇ ಎಂದು ಕೇಳಿದ. ತಾನೇನು ಮಾಡಲಿದ್ದೆ ಎಂಬುದು ಆಗ ಹೊಳೆದು ಅವಳಿಗೆ ಅಳು ಉಕ್ಕಿ ಬಂತು.

ಬೆಳಗಾದೊಡನೆ ರಿವಾಲ್ವರನ್ನು ಹಿಂದಿರುಗಿಸಲು ಅಂಗಡಿಗೆ ಒಯ್ದಳು. ಏನಾದರೂ ಕೆಟ್ಟಿದೆಯೇ ಎಂದು ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೇನೂ ಆಗಿಲ್ಲಣ್ಣ," ಎಂದಳು ಅಕ್ಕ. "ನಮ್ಮನೇಲಿ ಕೂಗಿದ್ರೆ ಓಗೊಡೋಕೆ ಆಗದೋರು ಒಬ್ರಿದ್ದಾರೆ."