ಕಮಲಾಪುರದ ದಾರಿಯಲ್ಲಿ ಹೊಡೆದ ಬೆಲ್

ಇದನ್ನು ಓದಿ ನೀವು ನಗಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಬ್ಯಾಟರಿ, ಇನ್ವರ್ಟರ್ ಅಂಗಡಿ. ವೈರ್ ಇಲ್ಲದ ಕಡೆ ಕರೆಂಟ್ ಹರಿಯುವುದಿಲ್ಲ ಎಂದು ನಂಬಿಯೇ ಇಷ್ಟು ವರ್ಷ ಹೊಟ್ಟೆ ಹೊರೆದವನು. ದೆವ್ವ, ಗಾಳಿ ಎಂದು ಹೆದರಿದವರ ಮನೆಗೆ ಹೋಗಿ, ಸಡಿಲವಾದ ಸ್ವಿಚ್ ತೋರಿಸಿ ಬಂದದ್ದೂ ಉಂಟು.

ಕೆಲವು ಬೇಸಿಗೆಗಳ ಹಿಂದೆ ನಮ್ಮ ಓಣಿಯ ಗುರುಶಾಂತಪ್ಪ ಕಾಕಾ ಸೊಲ್ಲಾಪುರದಿಂದ ಒಂದು ಹಳೆಯ ಮೋಟರ್‌ಹೋಮ್ ತಂದರು. ಮಿನಿ ಬಸ್ಸಿನೊಳಗೆ ಮಂಚ, ಒಲೆ, ಕಪಾಟು, ಸಣ್ಣ ಫ್ರಿಜ್ ಕೂಡಿಸಿದ ಗಾಡಿ. ಹೆಂಡತಿ ನೀಲಮ್ಮ ಕಾಕು ಜೊತೆ ದೇಶ ತಿರುಗಬೇಕೆಂಬುದು ಅವರ ಬಹುದಿನದ ಆಸೆ. ಕಾಕುಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ತಂಪಾಗಿರಬೇಕಾದರೆ ದಾರಿಯಲ್ಲಿ ಫ್ರಿಜ್ ನಿಲ್ಲಬಾರದು. ಗಾಡಿಯ ವೈರಿಂಗ್ ನೋಡಿದರೆ, ಮುಟ್ಟಿದ ಕಡೆಯೆಲ್ಲ ಪುಡಿಯಾಗುತ್ತಿತ್ತು.

ಊರ ಹತ್ತಿರದ ನಂದೂರಿನಲ್ಲಿ ಪರಿಚಯದವರ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಹಳೆಯ ವೈರನ್ನೆಲ್ಲ ಕಿತ್ತೆ. ಮೇಲೆ ಸೋಲಾರ್ ಪ್ಯಾನೆಲ್, ಮಂಚದ ಕೆಳಗೆ ಲಿಥಿಯಂ ಬ್ಯಾಟರಿ, ಹೊಸ ಇನ್ವರ್ಟರ್ ಕೂಡಿಸಿದೆ. ಮಂಚದ ಬದಿಯಲ್ಲಿ ಒಂದು ಬೆಲ್ ಗುಂಡಿ ಇತ್ತು. ಒತ್ತಿದರೆ ಡ್ರೈವರ್ ತಲೆಯ ಮೇಲೆ ಬಜರ್ ಹೊಡೆಯುತ್ತಿತ್ತು. ಇರಲಿಯೇ ಎಂದು ಕೇಳಿದೆ.

"ತೆಗಿ ತಮ್ಮಾ. ನಿಮ್ಮ ಕಾಕು ಒಮ್ಮೆ ಒದರಿದ್ರ ಬೀದರ ತನಕ ಕೇಳ್ತದ," ಎಂದು ಕಾಕಾ ನಕ್ಕರು.

ಬಜರ್ ಬಿಚ್ಚಿ ಗುಜರಿಗೆ ಹಾಕಿದೆ. ಅದರ ವೈರನ್ನೂ ಪೂರ್ತಿ ಎಳೆದು ತೆಗೆದೆ. ಹಲಗೆಯ ತೂತು ಕಾಣದಿರಲಿ ಎಂದು ಗುಂಡಿಯನ್ನಷ್ಟೇ ಬಿಟ್ಟೆ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆಂದು ಕಮಲಾಪುರಕ್ಕೆ ಹೊರಟೆವು. ಅಲ್ಲಿ ಕಾಕು ಅವರ ತಂಗಿಯ ಮನೆ. ಉರಿಬಿಸಿಲ ಮಧ್ಯಾಹ್ನ. ಕಾಕಾ ಗಾಡಿ ನಡೆಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಬ್ಯಾಟರಿ ಮೀಟರ್ ನೋಡುತ್ತಿದ್ದೆ. ಕಾಕು ಹಿಂದೆ, ಪರದೆಯಾಚೆ, ಮಲಗಿದ್ದರು.

ಅರ್ಧ ದಾರಿ ದಾಟಿದ ಮೇಲೆ ನಮ್ಮ ತಲೆಯ ಮೇಲೆ ಬಜರ್ ಹೊಡೆಯಿತು.

"ಬೆಲ್ ತೆಗ್ದೀನಿ ಅಂದಿದ್ದೆಲ್ಲೋ?" ಎಂದರು ಕಾಕಾ.

ಮೇಲೆ ನೋಡಿದೆ. ಬಜರ್ ಇದ್ದ ಜಾಗದಲ್ಲಿ ಬರೀ ಎರಡು ಸ್ಕ್ರೂ ತೂತು. ನೋಡುತ್ತಿದ್ದಂತೆಯೇ ಮತ್ತೆ ಹೊಡೆಯಿತು. ಈ ಸಲ ನಿಲ್ಲಲೇ ಇಲ್ಲ, ಯಾರೋ ಬೆರಳು ಎತ್ತದೆ ಒತ್ತಿ ಹಿಡಿದ ಹಾಗೆ. ಕಾಕಾ ಗಾಡಿ ಬದಿಗೆ ತಂದು ನಿಲ್ಲಿಸಿದರು. ಬ್ರೇಕ್ ಬಿದ್ದೊಡನೆ ಸದ್ದು ನಿಂತಿತು.

ಪರದೆ ಸರಿಸಿದೆ. ಕಾಕು ಬೆವರಿನಲ್ಲಿ ತೊಯ್ದು ಹೋಗಿದ್ದರು. ಕಣ್ಣು ಅರ್ಧ ತೆರೆದಿತ್ತು, ಮಾತಿಲ್ಲ, ಕೈ ಮಂಜುಗಡ್ಡೆ. ಸಕ್ಕರೆ ಇಳಿದಿದೆ ಎಂದು ಕಾಕಾಗೆ ತಕ್ಷಣ ತಿಳಿಯಿತು. ಸಕ್ಕರೆ ನೀರು ಕಲಸಿ ಒಂದೊಂದೇ ಹನಿ ತುಟಿಗೆ ಹಾಕಿದರು. ನಾನು ಗಾಡಿ ಓಡಿಸಿದೆ. ಕಮಲಾಪುರದ ಆಸ್ಪತ್ರೆಯಲ್ಲಿ, ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಚೇತರಿಸಿಕೊಂಡ ಕಾಕುಗೆ, "ಒದರೋದು ಬಿಟ್ಟು ಆ ಗುಂಡಿ ಯಾಕ ಒತ್ತಿದಿ?" ಎಂದು ಕಾಕಾ ಕೇಳಿದರು.

"ನಾ ಎಲ್ಲಿ ಒತ್ತಿದೆ? ನನಗ ಬೆರಳ ಎತ್ತಾಕೂ ಆಗ್ಲಿಲ್ಲ. ಕಾಲ ಬಲ್ಲಿ ಕುಂತಿದ್ಲಲ್ಲ, ಆಕಿ ಒತ್ತಿದ್ಲು."

"ಯಾರಾಕಿ?"

"ನನಗೇನು ಗೊತ್ತು? ನೀವೇ ನನ್ನ ಜೋಡಿ ಕರ್ಕೊಂಡು ಬಂದೀರಿ ಅಂದ್ಕೊಂಡೆ."

ಸಕ್ಕರೆ ಇಳಿದಾಗ ಏನೇನೋ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಸಕ್ಕರೆ ಇಳಿದದ್ದು ಕಾಕುಗೆ. ಬೆಲ್ ಕೇಳಿದ್ದು ನನಗೂ ಕಾಕಾಗೂ. ಮರುದಿನ ಗಾಡಿ ಮಾರಿದ ಸೊಲ್ಲಾಪುರದವರಿಗೆ ಫೋನ್ ಮಾಡಿ ವಿಚಾರಿಸಿದೆವು. ಆ ಗಾಡಿಯಲ್ಲಿ ಯಾರೂ ಸತ್ತಿಲ್ಲ, ಯಾರೂ ನರಳಿಲ್ಲ ಎಂದರು. ಹಾಗಾದರೆ ಆಕೆ ಯಾರು?

ಬೆಲ್ ಹೊಡೆದ ದಿನವೇ ಸಂಜೆ, ಆಸ್ಪತ್ರೆಯಿಂದ ವಾಪಸು ಬರುವಾಗ ಕಾಕುವನ್ನು ಹಿಂದೆ ಮಲಗಲು ಬಿಡದೆ ಮುಂದೆಯೇ, ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಹಿಂದೆ ಯಾರೂ ಇರಲಿಲ್ಲ. ಊರು ಸಮೀಪಿಸುವಾಗ ಮೀಟರಿನಲ್ಲಿ ಕರೆಂಟ್ ಖರ್ಚಿನ ಅಂಕಿ ಸ್ವಲ್ಪ ಮೇಲೇರಿತು. ಪರದೆಯಾಚೆ ಮಂಚದ ಬಳಿಯ ಫ್ಯಾನ್ ತಾನಾಗಿಯೇ ತಿರುಗತೊಡಗಿದ ಸದ್ದು ಕೇಳಿಸಿತು. ಕಾಕಾ ಗಾಡಿ ನಿಲ್ಲಿಸಲಿಲ್ಲ. ಹಿಂದೆ ತಿರುಗಿ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕಾಕು ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಅಂದರು: "ಇರ್ಲಿ ಬಿಡ್ರಿ, ಆಕಿಗೂ ಸೆಕಿ ಆಗಿರ್ಬೇಕು."