ಗುರುಸಂಗಪ್ಪ ಮುಟ್ಟದ ಚಹಾ

ನರೇಗಲ್ಲಿನ ದರ್ಜಿ ಗುರುಸಂಗಪ್ಪನಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಹೊಲಿಗೆ ಬಿಟ್ಟು ಓಣಿಯ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವನು. ಪುಸ್ತಕದಲ್ಲಿ ಖೂನಿಯಾಯಿತೋ, ಟೊಪ್ಪಿಗೆ ತೆಗೆದಿಟ್ಟು ಚಹಾದ ಕಪ್ಪುಬಸಿ ದೂರ ಸರಿಸುವನು. "ಓಣ್ಯಾಗ ಹೆಣ ಇದ್ದಾಗ ಬಾಯಾಗ ನೀರರ ಹಾಕ್ತಾರೇನವಾ? ಖೂನಿ ಮಾಡಿದಾಂವ ಸಿಗೂತನಕಾ ನಂಗ ಚಾ ಬ್ಯಾಡ." "ಹಂಗಾರ ಲಗೂ ಓದ್ರಿ ಮಾವಾರ, ಆರಿ ಹೋಗತೈತಿ" ಎಂದು ಕೇಳುತ್ತ ಕೂತ ತಿಪ್ಪವ್ವ ಕಾಡುವಳು. ಒಮ್ಮೆ ಮುನ್ನೂರು ಪುಟದ ಪುಸ್ತಕ ಹಿಡಿದು, ಎರಡು ದಿನ ಚಹಾ ಇಲ್ಲದೆ ತಲೆ ಸಿಡಿದು, ಯಾರದೋ ಅಂಗಿಯ ಕಿಸೆಯನ್ನು ಬೆನ್ನ ಮೇಲೆ ಹೊಲಿದಿದ್ದನು. ಎಲ್ಲರ ಜೊತೆ ಅದೇ ಓಣಿಯ ನೀಲವ್ವನೂ ನಕ್ಕಿದ್ದಳು. ಐವತ್ಮೂರನೇ ಇಸವಿಯ ಬಿತ್ತಿಗೆಯಲ್ಲಿ, ಬದುವಿನ ಜಗಳಕ್ಕೆ ಅವಳ ಗಂಡನನ್ನೇ ಕಡಿದು ಹಾಕಿದರು. ಸಾಕ್ಷಿ ಸಾಲದೆಂದು ಕೋರ್ಟು ಹಿಡಿದವರನ್ನೆಲ್ಲ ಬಿಟ್ಟಿತು. ತಿಂಗಳೊಪ್ಪತ್ತಿನಲ್ಲಿ ಊರೂ ಮರೆಯಿತು. ಗುರುಸಂಗಪ್ಪ ಮಾತ್ರ ಅವಳ ಮನೆಗೆ ಬಂದಾಗಲೆಲ್ಲ ಟೊಪ್ಪಿಗೆ ತೆಗೆದು, ಅವಳು ಕೊಟ್ಟ ಕಪ್ಪುಬಸಿಯನ್ನು ಮೆಲ್ಲಗೆ ಸರಿಸುವನು: "ಬ್ಯಾಡ ತಂಗಿ, ಅಂವ ಇನ್ನೂ ಸಿಕ್ಕಿಲ್ಲ." ಬೇಡ ಎನ್ನುತ್ತಾನೆಂದು ಗೊತ್ತಿದ್ದೂ ನೀಲವ್ವ ಪ್ರತಿ ಸಲ ಚಹಾ ಕಾಸುವಳು. ಆ ಮಾತು ಕೇಳಿದ ದಿನ ಮಾತ್ರ ಅವಳು ಹೊಟ್ಟೆ ತುಂಬ ಉಣ್ಣುವಳು.