ಅಜ್ಜ ಸತ್ತದ್ದು ಯಾತರಿಂದ

ಧಾರವಾಡದಲ್ಲಿ ನನ್ನ ಸೋದರತ್ತೆ ತೀರಿಕೊಂಡ ಮೂರು ವಾರಕ್ಕೆ ಅಕ್ಕ ಫೋನ್ ಮಾಡಿದಳು. ಆಗ ನಾನು ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿರುವ ನಮ್ಮ ತಿಂಡಿ ಕಾರ್ಖಾನೆಯ ಲ್ಯಾಬಿನಲ್ಲಿ ಅಂದಿನ ಚಟ್ನಿಯ ಹುಳಿ ಅಳೆಯುತ್ತಿದ್ದೆ. ಅತ್ತೆಯ ಕೈಕಾಲು ಕೆಲವು ವರ್ಷಗಳಿಂದ ತಾವಾಗಿಯೇ ಕುಣಿಯುತ್ತಿದ್ದವು, ಕೊನೆಕೊನೆಗೆ ನುಂಗುವುದೂ ಆಗುತ್ತಿರಲಿಲ್ಲ. ವಯಸ್ಸಿನ ನಡುಕ ಅಂದುಕೊಂಡಿದ್ದೆವು. ಆದರೆ ಹುಬ್ಬಳ್ಳಿಯ ಡಾಕ್ಟರು ಬೇರೆಯೇ ಒಂದು ಹೆಸರು ಹೇಳಿದ್ದರಂತೆ. ಅಕ್ಕ ಆ ಇಂಗ್ಲಿಷ್ ಹೆಸರನ್ನು ಚೀಟಿ ನೋಡಿ ಬಿಡಿಬಿಡಿಯಾಗಿ ಓದಿ, "ಮನಿತನದಾಗ ಬರ್ತದಂತ. ರಕ್ತ ಪರೀಕ್ಷಾ ಮಾಡಿಲ್ಲ, ಅನುಮಾನ ಅಷ್ಟ" ಎಂದಳು.

ಆ ಹೆಸರನ್ನು ಬರೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಅಂದು ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತು ಅದರ ಬಗ್ಗೆ ಓದಿದೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಮದ್ದಿಲ್ಲ. ನನಗಾಗ ನಲವತ್ತೇಳು. ನನ್ನ ಅಪ್ಪ ಮೂವತ್ತಾರನೆಯ ವಯಸ್ಸಿಗೇ ಸ್ಕೂಟರ್ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ಅವರ ಮೈಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ತಿಳಿಯುವ ಮೊದಲೇ. ಕೆಂಟನ್‌ನ ನಿಲ್ದಾಣದಲ್ಲಿ ಇಳಿದವನು ಕಾಲುದಾರಿಯ ಕಲ್ಲುಗಳ ಅಂಚು ಹಿಡಿದು, ಹೆಜ್ಜೆ ತಪ್ಪುತ್ತದೆಯೇ ಎಂದು ನೋಡಿಕೊಳ್ಳುತ್ತ ಮನೆಗೆ ನಡೆದೆ.

ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ನನ್ನನ್ನು ಆಸ್ಪತ್ರೆಯ ಒಂದು ಕ್ಲಿನಿಕ್ಕಿಗೆ ಕಳಿಸಿದರು. ಅಲ್ಲಿನ ನರ್ಸ್, ಮೆಲುದನಿಯ ಹೆಂಗಸು, ದೊಡ್ಡ ಹಾಳೆಯ ಮೇಲೆ ನಮ್ಮ ವಂಶ ಬರೆದುಕೊಂಡಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಅಜ್ಜಿ ಎಂಬತ್ತನಾಲ್ಕರವರೆಗೆ ಗಟ್ಟಿಮುಟ್ಟಾಗಿದ್ದಳು. ಹಾಗಾಗಿ ಕಾಯಿಲೆ ಇದ್ದರೆ ಅದು ಅಜ್ಜನಿಂದಲೇ ಬಂದಿರಬೇಕು. ಅಜ್ಜ ಯಾತರಿಂದ ಸತ್ತರು ಎಂದು ಕೇಳಿದಳು. ಅಮೆರಿಕದಲ್ಲಿ ಎಲ್ಲೋ ಸತ್ತರು, ಯಾತರಿಂದ ಎಂದು ಯಾರಿಗೂ ಗೊತ್ತಿಲ್ಲ ಎಂದೆ. ಯಾವುದಾದರೂ ಕಾಗದ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಿಮ್ಮ ರಕ್ತವನ್ನೇ ಪರೀಕ್ಷಿಸಬಹುದು ಎಂದಳು. ನಾನು ಕಾಯಿಲೆಯ ಹೆಸರನ್ನಾಗಲಿ ಈ ಎರಡನೆಯ ಮಾತನ್ನಾಗಲಿ ಹೆಂಡತಿಗೆ ಹೇಳಲಿಲ್ಲ. ಕ್ಲಿನಿಕ್ಕಿನವರಿಗೆ ಅಜ್ಜನ ಮರಣಪತ್ರ ಬೇಕಂತೆ ಎಂದಷ್ಟೇ ಹೇಳಿದೆ.

ಅಜ್ಜ ಕೃಷಿ ಕಾಲೇಜಿನಲ್ಲಿ ಹತ್ತಿ ಬೆಳೆ ಕಲಿಸುವ ಮೇಷ್ಟ್ರು. ಹೆಚ್ಚಿನ ಓದಿಗೆಂದು ಹೆಂಡತಿ, ಎರಡು ಮಕ್ಕಳನ್ನು ಬಿಟ್ಟು ಅಮೆರಿಕಕ್ಕೆ ಹೋದವರು ತಿರುಗಿ ಬರಲಿಲ್ಲ. ನಾಲ್ಕು ವರ್ಷ ಕಾಗದ ಬಂದವು, ಆಮೇಲೆ ನಿಂತವು. ಅಲ್ಲಿ ಬಿಳಿಯ ಹೆಂಗಸನ್ನು ಕಟ್ಟಿಕೊಂಡರು ಎಂಬುದು ನಮ್ಮ ಮನೆಯ ತೀರ್ಮಾನ. ಅಜ್ಜಿಯ ಮುಂದೆ ಅವರ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಕಾಗದಗಳನ್ನು ಅವಳು ಟ್ರಂಕಿನ ತಳದಲ್ಲಿ ಇಟ್ಟಿದ್ದಳು; ಅಕ್ಕ ಅವುಗಳ ಫೋಟೋ ತೆಗೆದು ನನಗೆ ಕಳಿಸಿದಳು.

ಮೊದಲ ಕಾಗದ ಅಚ್ಚು ಹೊಡೆದ ಹಾಗಿತ್ತು. ಮೂರನೆಯ ವರ್ಷದ್ದರಲ್ಲಿ ಸಾಲುಗಳು ಇಳಿಜಾರಾಗಿದ್ದವು. ಕೊನೆಯದರಲ್ಲಿ ಒತ್ತಕ್ಷರಗಳು ತಮ್ಮ ಅಕ್ಷರ ಬಿಟ್ಟು ದೂರ ಸಿಡಿದಿದ್ದವು, ಒಂದೆರಡು ಕಡೆ ಪೆನ್ನು ಕಾಗದವನ್ನು ಹರಿದಿತ್ತು. ಅದನ್ನು ನೋಡಿದ ಕೂಡಲೇ ಒಂದು ಬಿಳಿ ಹಾಳೆ ತೆಗೆದುಕೊಂಡು ಅದೇ ಸಾಲುಗಳನ್ನು ನಕಲು ಮಾಡಿದೆ. ನನ್ನ ಅಕ್ಷರ ನೆಟ್ಟಗಿತ್ತು. ಮರುದಿನ ಮತ್ತೆ ಬರೆದೆ. ಅದರ ಮರುದಿನವೂ.

ಲಕೋಟೆಯ ಮೇಲೆ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಹೆಸರಿತ್ತು. ಹೊಲಗಳೇ ಹೆಚ್ಚು, ಜನ ಕಡಿಮೆ ಇರುವ ಜಾಗ. ವಂಶಾವಳಿ ಹುಡುಕುವ ವೆಬ್‌ಸೈಟುಗಳಲ್ಲಿ ವಾರಗಟ್ಟಲೆ ತಡಕಾಡಿದೆ. ನಮ್ಮ ಅಡ್ಡಹೆಸರು ಎಲ್ಲೂ ಸಿಗಲಿಲ್ಲ. ಕೊನೆಗೆ ಕೌಂಟಿಯ ಕಚೇರಿಗೆ ಬರೆದೆ. ಅವರು ನನ್ನ ಪತ್ರವನ್ನು ಹಳೆಯ ದಾಖಲೆಗಳನ್ನು ನೋಡಿಕೊಳ್ಳುವ ಊರಿನ ಸ್ವಯಂಸೇವಕರಿಗೆ ದಾಟಿಸಿದರು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬಳು ಉತ್ತರಿಸಿದಳು. ನಮ್ಮ ಹೆಸರನ್ನು ಅಲ್ಲಿನವರು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ಕಂಪ್ಯೂಟರಿಗೆ ಅದು ಸಿಗುವುದಿಲ್ಲ, ನ್ಯಾಯಾಲಯದ ನೆಲಮಾಳಿಗೆಯಲ್ಲಿರುವ ಪುಸ್ತಕಗಳನ್ನೇ ತಿರುವಬೇಕು ಎಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಕಾಯಿಲೆಯ ಹೆಸರನ್ನೂ. ಹೆಂಡತಿಗೂ ಮಗಳಿಗೂ ಹೇಳಲಾಗದ್ದನ್ನು ಮುಖ ನೋಡದವಳಿಗೆ ಹೇಳುವುದು ಸುಲಭವಾಯಿತು.

ಅವಳ ಫೋನು ಬಂದಾಗ ಲಂಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ. ಕಾರ್ಖಾನೆಯ ಹಿಂದಿನ ಕಾರ್ ಪಾರ್ಕಿಗೆ ಹೋದೆ. ಯಾರೋ ಪಕ್ಕದಲ್ಲಿ ಈರುಳ್ಳಿ ಕರಿಯುತ್ತಿದ್ದರು, ಲಾರಿಯೊಂದು ಬೀಪ್ ಬೀಪ್ ಎನ್ನುತ್ತ ಹಿಂದೆ ಬರುತ್ತಿತ್ತು. ಸಿಕ್ಕಿತು ಎಂದಳು. ಹೆಸರನ್ನು ಎರಡು ತುಂಡು ಮಾಡಿ, ಮೊದಲರ್ಧವನ್ನು ಕೊನೆಗೆ ಹಾಕಿದ್ದರಂತೆ. ಪುಸ್ತಕ ಕೌಂಟಿಯ ನಿರ್ಗತಿಕರ ಆಶ್ರಮದ್ದು, ದಿಕ್ಕಿಲ್ಲದ ರೋಗಿಗಳನ್ನು ಇಡುತ್ತಿದ್ದ ಮನೆಯದ್ದು.

"ಓದಲೇ, ಅಥವಾ ಕಳಿಸಿಕೊಡಲೇ? ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ?" ಎಂದು ಕೇಳಿದಳು.

ಆ ಪ್ರಶ್ನೆಯಲ್ಲೇ ನನಗೆ ಉತ್ತರ ಸಿಕ್ಕಿತ್ತು. ಓದಿ ಎಂದೆ.

ಅವಳು ನಿಧಾನವಾಗಿ ಓದಿದಳು. ಇಂಡಿಯಾದವನು, ಶಿಕ್ಷಕನಂತೆ. ಚಮಚ ಹಿಡಿಯಲಾರ. ಎಚ್ಚರವಿದ್ದಾಗ ಅವಯವಗಳು ಸುಮ್ಮನಿರುವುದಿಲ್ಲ. ಸೌಮ್ಯ ಸ್ವಭಾವ. ಮನೆಗೆ ಕಾಗದ ಬರೆಯಿರಿ ಎನ್ನುತ್ತಾನೆ, ಅವನು ಹೇಳುವ ವಿಳಾಸ ಯಾರಿಗೂ ತಿಳಿಯುವುದಿಲ್ಲ. ಆರು ತಿಂಗಳ ನಂತರವೂ ಅದೇ ಮಾತು, ಬೇರೆಯವರ ಕೈಬರಹದಲ್ಲಿ. ಮೂರನೆಯ ವರ್ಷ ಮರಣ. ಜೊತೆಗಿದ್ದ ಮರಣಪತ್ರದಲ್ಲಿ ಕಾರಣದ ಜಾಗದಲ್ಲಿ ಅತ್ತೆಯ ಕಾಯಿಲೆಯ ಹೆಸರೇ ಇತ್ತು.

ಕಾರ್ ಪಾರ್ಕಿನ ತಗ್ಗು ಗೋಡೆಯ ಮೇಲೆ ಕೂತುಬಿಟ್ಟೆ. ಆ ಮನುಷ್ಯನಿಗಾಗಿ ಅಳಬೇಕಿತ್ತು. ಅವರು ಯಾರನ್ನೂ ಕಟ್ಟಿಕೊಂಡಿರಲಿಲ್ಲ, ನಮ್ಮನ್ನು ಬಿಟ್ಟಿರಲೂ ಇಲ್ಲ. ಆದರೆ ಆ ಹೊತ್ತಿಗೆ ನನಗೆ ನನ್ನದೇ ಭಯ. ಮಗಳ ಭಯ. ಅಜ್ಜನಿಗಾಗಿ ಅತ್ತದ್ದು ಎರಡು ದಿನ ಬಿಟ್ಟು, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು.

ಭಾನುವಾರ ಬೆಳಿಗ್ಗೆ ಹೆಂಡತಿಯನ್ನೂ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಮಗಳನ್ನೂ ಅಡುಗೆಮನೆಯಲ್ಲಿ ಕೂರಿಸಿ ಹೇಳಿದೆ. ಹೆಂಡತಿ, "ಇಷ್ಟು ದಿನಾ ಒಬ್ಬಾಂವನ ಇಟಗೊಂಡಿದ್ದೀ?" ಎಂದಳು. ಮಗಳು ಎಂದಿನಂತೆ ಇಂಗ್ಲಿಷಿನಲ್ಲೇ, ನೀನು ಸದಾ ಕೈ ನೋಡಿಕೊಳ್ಳುವುದನ್ನು ತಿಂಗಳುಗಳಿಂದ ಗಮನಿಸಿದ್ದೇನೆ, ಕ್ಯಾನ್ಸರ್ ಇರಬಹುದೆಂದು ಹೆದರಿದ್ದೆ ಎಂದಳು. ಮತ್ತೆ ಹೇಳಿದ್ದು ಕನ್ನಡದಲ್ಲಿ. "ಅಪ್ಪಾ, ನೀ ಟೆಸ್ಟ್ ಮಾಡಸ್ಕೋ. ಇಲ್ಲಾಂದ್ರ ನಾ ಮಾಡಸ್ಕೋತೀನಿ."

ಅವಳಲ್ಲಿ ಕಂಡರೆ ನನ್ನಲ್ಲೂ ಇದ್ದಂತೆಯೇ. ನಾನು ಹೆದರಿ ಹೋಗದ ಜಾಗಕ್ಕೆ ಅವಳನ್ನು ಮುಂದೆ ಕಳಿಸಿದಂತೆ. ಮರುದಿನವೇ ಕ್ಲಿನಿಕ್ಕಿಗೆ ಫೋನ್ ಮಾಡಿದೆ.

ಅವರು ಅವಸರ ಮಾಡಲಿಲ್ಲ. ಎರಡು ಸಲ ಕರೆದು ಮಾತಾಡಿಸಿದರು, ಉತ್ತರ ಕೆಟ್ಟದಾದರೆ ಏನು ಮಾಡುತ್ತೀರಿ ಎಂದು ಕೇಳಿದರು. ರಕ್ತ ಕೊಟ್ಟ ಮೇಲೆ ಕಾಯುವ ವಾರಗಳಲ್ಲಿ ಲ್ಯಾಬಿನಲ್ಲಿ ಎರಡು ಬೀಕರ್ ಒಡೆದೆ. ಹೆದರಿಕೆಯಿಂದ ಒಡೆದೆನೋ ಕಾಯಿಲೆಯಿಂದಲೋ ಎಂದು ಕೇಳಿಕೊಳ್ಳುತ್ತ ಗಾಜು ಗುಡಿಸಿದೆ. ಫಲಿತಾಂಶದ ದಿನ ಹೆಂಡತಿ ಜೊತೆಗೆ ಬಂದಳು. ನರ್ಸ್ ಬಾಗಿಲು ಮುಚ್ಚಿ, ಕೂರುವ ಮುಂಚೆಯೇ ಹೇಳಿದಳು: ನಿಮ್ಮಲ್ಲಿ ಇಲ್ಲ. ನಿಮ್ಮ ಮಗಳಿಗೂ ನಿಮ್ಮಿಂದ ಬರುವುದಿಲ್ಲ. ಹೆಂಡತಿ ಅವಳ ಕೈ ಹಿಡಿದುಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಅಲ್ಲಿ ಕೂತೇ ಆ ಹಾಳೆಯ ಮೇಲೆ ನನ್ನ ಚೌಕದ ಪಕ್ಕದಲ್ಲಿದ್ದ ಅಕ್ಕನ ವೃತ್ತವನ್ನು ನೋಡಿದೆ.

ಅಕ್ಕನಿಗೆ ನಲವತ್ತೊಂಬತ್ತು. ಅಂದು ಸಂಜೆ ವಿಡಿಯೋ ಕಾಲಿನಲ್ಲಿ ಮೊದಲು ನನ್ನ ಫಲಿತಾಂಶ ಹೇಳಿದೆ. ದೇವರ ಕಡೆ ತಿರುಗಿ ಕೈಮುಗಿದಳು. ಅಜ್ಜನ ಪುಸ್ತಕದಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ಅಜ್ಜಿಗೆ ಇದು ಗೊತ್ತಾಗಬೇಕಿತ್ತು ಎಂದಳು. ಆಮೇಲೆ ನೀನೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದೆ. ಅವಳು ಮುಖ ಗಂಟಿಕ್ಕಿಕೊಂಡಳು.

"ನನಗ ಬ್ಯಾಡ. ತಿಳಕೊಂಡು ಏನ್ ಮಾಡ್ಲಿ? ಮಗಳ ಮದವಿ ನಿಶ್ಚಯ ಆಗೇದ. ಮುಗಿಯೂ ತನಕಾ ಯಾರ ಮುಂದೂ ಬಾಯಿ ಬಿಡಬ್ಯಾಡ."

ಪರೀಕ್ಷೆ ಮಾಡಿಸಿಕೊಳ್ಳದಿರುವುದು ಅವಳ ಹಕ್ಕು, ನಾನೇ ಅಷ್ಟು ತಿಂಗಳು ಓಡಿದವನು. ಆದರೆ ಅವಳ ಮಗಳಿಗೆ ಇಪ್ಪತ್ತನಾಲ್ಕು, ನಾಳೆ ಮಕ್ಕಳಾಗುತ್ತಾರೆ. ಆ ಹುಡುಗಿಗೆ ನೀನು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ ಎಂದೆ. ಅಕ್ಕ ಫೋನಿಟ್ಟಳು. ಮೂರು ಭಾನುವಾರ ನನ್ನ ಕರೆ ತೆಗೆಯಲಿಲ್ಲ. ನಾಲ್ಕನೆಯ ಭಾನುವಾರ ತೆಗೆದು, ಮದುವೆಗೆ ಎಷ್ಟು ಮಂದಿ ಬರುತ್ತೀರಿ ಎಂದಷ್ಟೇ ಕೇಳಿದಳು. ಮಾತಾಡುವಾಗ ವಿಡಿಯೋದ ಅಂಚಿನಲ್ಲಿ ಕಂಡ ಅವಳ ಎಡ ಹೆಬ್ಬೆರಳು ಎರಡು ಸಲ ಅಲುಗಿತು. ಫೋನ್ ಹಿಡಿದ ಕೈ ಸೋತಿದ್ದಿರಬಹುದು. ಮದುವೆಗೆ ಒಂದು ತಿಂಗಳು ಮೊದಲೇ ಹೊರಡುವಂತೆ ಒಬ್ಬನಿಗೇ ಟಿಕೆಟ್ ತೆಗೆಸಿದ್ದೇನೆ. ಹೋಗಿ ಅಕ್ಕನ ಎದುರು ಕೂತು ಮೊದಲ ಮಾತು ಏನಾಡಬೇಕೆಂಬುದು ಇನ್ನೂ ತಿಳಿದಿಲ್ಲ.